ವ್ಯೋಮಭೈರವನ ಪ್ರಥಮೋಡ್ಡಯನ

ಕಾಲೂರಲು ನೆಲವಿರುವ ಸಮಸ್ತ ಭಾಗ್ಯವಂತರೇ, ಕಿವಿಗೊಡಿ! ಮಿಲ್ಲುಗಳ ಚಿಮಣಿಗಳು ಹೊಗೆಯುಗುಳುವುದನ್ನು ನಿಲ್ಲಿಸಿ ಬಹುಕಾಲವಾಗಿದ್ದ ಯುಗದಲ್ಲಿ, ಬೆಣ್ಣೆದೋಸೆಪರಿಮಳಪರಿವೃತವಾದ ದಾವಣಗೆರೆಯೆಂಬ ಮಹಾನಗರದಲ್ಲಿ, ಪರರ ದೃಷ್ಟಿಮಾಂದ್ಯವನ್ನು ಹರಿಸಿ ಹೊಟ್ಟೆ ಹೊರೆಯುವ ಕನ್ನಡಕದಂಗಡಿಯ ಗುರುಶಾಂತಪ್ಪನೆಂಬ ಐವತ್ತೆರಡರ ವೀರನಿದ್ದನು.

ಆ ಬೃಹದುದರಭಾಸುರನಿಗೆ ನೆಲದ ಮೇಲಿನ ಯಾವ ಸುಖವೂ ರುಚಿಸಲಿಲ್ಲ. ರಿಮೋಟಿನ ಆಜ್ಞೆಗೆ ಲಾಗ ಹಾಕುವ, ತಲೆಕೆಳಗಾಗಿ ತೇಲುವ ಪುಟ್ಟ ವಿಮಾನವೊಂದನ್ನು ಸ್ವಹಸ್ತದಿಂದ ಕಟ್ಟುವೆನೆಂದು ಪಣತೊಟ್ಟು, ಮನೆಯ ಊಟದ ಮೇಜನ್ನು ಆಕ್ರಮಿಸಿದನು. ಹೂವಿನಷ್ಟು ಹಗುರಾದ ಬಾಲ್ಸಾ ಮರವನ್ನು ಕೊಯ್ದನು, ಅಂಟಿಸಿದನು, ಒಮ್ಮೆ ತನ್ನ ಹೆಬ್ಬೆರಳನ್ನೇ ರೆಕ್ಕೆಗೆ ಅಂಟಿಸಿಕೊಂಡು ಬಲೆಗೆ ಬಿದ್ದ ಹದ್ದಿನಂತೆ ಒದ್ದಾಡಿದನು. ಹೆಂಡತಿ ನೀಲಾಂಬಿಕೆಯ ಇಸ್ತ್ರಿಪೆಟ್ಟಿಗೆಯಿಂದಲೇ, ಕಾವು ತಾಗಿದರೆ ಮುದುಡಿ ಅಂಟುವ ಕೆಂಪು ಪ್ಲಾಸ್ಟಿಕ್ ಹಾಳೆಯನ್ನು ರೆಕ್ಕೆಗಳಿಗೆ ಬಿಗಿದು, 'ವ್ಯೋಮಭೈರವ'ನೆಂದು ನಾಮಕರಣ ಮಾಡಿದನು.

"ಮೂರು ತಿಂಗ್ಳಿಂದ ನೆಲದ ಮೇಲೆ ಕುಂತು ಉಣ್ತಿದೀವಿ," ಎಂದಳು ನೀಲಾಂಬಿಕೆ. "ಭಾನುವಾರ ಇದು ಹಾರ್ಲಿಲ್ಲಾಂದ್ರೆ ಮೇಜು ಖಾಲಿ ಮಾಡ್ಬೇಕು, ನೋಡ್ರಿ."

"ಎಲೈ ನೀಲವೇಣಿ! ಮೇಘಗಳು ಬೆಚ್ಚಿ ದಾರಿ ಬಿಡದಿದ್ದರೆ, ಮೇಜಿರಲಿ, ಈ ಮೀಸೆಯನ್ನೇ ತ್ಯಜಿಸುವೆನು!"

ಭಾನುವಾರ ಬೆಳಗ್ಗೆ, ಊರಾಚೆಯ ಪಾಳುಬಿದ್ದ ಜಿನ್ನಿಂಗ್ ಮಿಲ್ಲಿನ ಬಯಲು ರಣಾಂಗಣವಾಯಿತು. ಎರಡು ವರ್ಷದಿಂದ ಇಂಥ ವಿಮಾನ ಹಾರಿಸಿ ಪಳಗಿದ್ದ ಟೈರ್ ಅಂಗಡಿಯ ಇನಾಯತ್ ಪಕ್ಕದಲ್ಲಿ ನಿಂತು, "ಅಣ್ಣಾ, ಮೊದಲ್ನೇ ದಿನ ಸೀದಾ ಹಾರ್ಸು. ಲಾಗಾ ಗೀಗಾ ಬ್ಯಾಡ," ಎಂದನು.

"ಸೀದಾ ಹಾರಲು ಕಾಗೆಗೂ ಬರುತ್ತದಯ್ಯಾ!"

ವ್ಯೋಮಭೈರವನು ಭೋರ್ಗರೆದು ಓಡಿದನು, ನೆಗೆದನು, ಏರಿದನು! ಗುರುಶಾಂತಪ್ಪನ ಕಣ್ಣಲ್ಲಿ ನೀರು ತುಂಬಿತು. ಒಂದು ಲಾಗ, ಇನ್ನೊಂದು ಲಾಗ. "ಅಯ್ಯೋ, ಹಾರೇಬಿಡ್ತಲ್ರೀ! ಮೇಜು ನಿಮ್ದೇ ಇಟ್ಕಳ್ರಿ!" ಎಂದು ನೀಲಾಂಬಿಕೆ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆಯೇ ವಿಷವಾಗಿ ತಲೆಗೇರಿ, ವೀರನು ವಿಮಾನವನ್ನು ತಲೆಕೆಳಗಾಗಿ ತಿರುಗಿಸಿದನು.

ಮಗುಚಿ ಹಾರುವ ವಿಮಾನವನ್ನು ಮೇಲೇರಲೆಂದು ರಿಮೋಟಿನ ಕಡ್ಡಿಯನ್ನು ಹಿಂದಕ್ಕೆಳೆದರೆ ಅದು ನೆಲದತ್ತ ಧಾವಿಸುತ್ತದೆ. ಈ ಪರಮಸತ್ಯವು ಆ ಗಳಿಗೆಯಲ್ಲಿ ಅವನಿಗೆ ಮರೆತುಹೋಯಿತು.

"ಮುಂದಕ್ಕೆ ತಳ್ಳಣ್ಣಾ! ತಳ್ಳೂ!" ಇನಾಯತ್ ಕೂಗಿದನು. ಗುರುಶಾಂತಪ್ಪ ಹಲ್ಲು ಕಚ್ಚಿ ಇನ್ನೂ ಎಳೆದನು. ಗಗನವಿದಾರಣಪ್ರಚಂಡನಾದ ವ್ಯೋಮಭೈರವನು ಉಲ್ಕೆಯಂತೆ ಇಳಿದು, ಮಿಲ್ಲಿನ ಕಟ್ಟೆಯ ಮೇಲೆ ಗೌರಜ್ಜಿಯೆಂಬ ಮುದುಕಿ ಗುಡ್ಡೆಹಾಕಿದ್ದ ಮೆಕ್ಕೆಜೋಳದೊಳಗೆ ಬಾಲದವರೆಗೆ ಹೂತುಹೋದನು. ಕಾಳುಗಳು ದಶದಿಕ್ಕುಗಳಿಗೆ ಸಿಡಿದವು.

ಗುರುಶಾಂತಪ್ಪ ಓಡಿಬಂದು ಎಳೆದು ನೋಡಿದನು. ಮೂತಿಯ ಫ್ಯಾನೊಂದು ಮುರಿದಿತ್ತು, ಅಷ್ಟೇ. ಎದೆ ಮತ್ತೆ ಉಬ್ಬಿತು.

"ಯಾವನೋ ಅವ್ನು, ನನ್ ಕಾಳು ಚೆಲ್ಲಿದ್ದು?"

"ಅಜ್ಜೀ, ಆಕಾಶವನ್ನೇ ಆಳಿ ಬಂದ ನನ್ನ ನಾಮಧೇಯವನ್ನು..."

"ಹೆಸ್ರು ಆಮೇಲೆ ಹೇಳೀಯಂತೆ," ಎಂದು ಗೌರಜ್ಜಿ ಅವನ ಕೈಗೆ ಪೊರಕೆ ಕೊಟ್ಟಳು. "ಮೊದ್ಲು ಬಳಿ."

ವೀರನು ಬಳಿದನು. ಪೊರಕೆಗೆ ಸಿಗದ ಕಾಳುಗಳನ್ನು ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ಆರಿಸಿದನು. ಬಿಸಿಲೇರಿತು. ಅಜ್ಜಿ ಮೊರ ತಂದು ಮುಂದಿಟ್ಟಳು.

"ಮಣ್ಣಾಗಿದ್ದು ಬ್ಯಾರೆ ಹಾಕಪ್ಪಾ. ಎಲ್ಲಾ ಒಟ್ಟಿಗೇ ತುಂಬ್ತಿದೀಯಲ್ಲ, ಕಣ್ ಕಾಣಾಕಿಲ್ವಾ?"