ಒಂದು ಬ್ಯಾಟರಿ, ಎರಡು ಕರೆಂಟು

ನಮ್ಮದು ಪ್ಲಾಸ್ಟಿಕ್ ಬಕೆಟ್ ಮಾರುವ ವ್ಯಾನು. ಓಡಿಸುವವನು ನಾನು, ಕೂಗುವವಳು ನನ್ನ ಹೆಂಡತಿ. (ಮನೆಯಲ್ಲೂ ಇದೇ ಏರ್ಪಾಡು.) ಪಕ್ಕದ ಸೀಟಿನಲ್ಲಿ ಮೈಕು ಹಿಡಿದು ಕೂತು ಅವಳು "ಒಡೆಯದ ಬಕೆಟ್, ಸೋರದ ಬಕೆಟ್" ಎನ್ನುತ್ತಾಳೆ, ನಡುನಡುವೆ ಹಾಡಿನ ಪೆಟ್ಟಿಗೆ ಹಾಡುತ್ತದೆ. ತೊಂದರೆ ಏನೆಂದರೆ, ಇಂಜಿನ್ ಶುರುವಾದೊಡನೆ ಸ್ಪೀಕರಿನಿಂದ ಗುಂಯ್ ಎಂಬ ನಾದವೊಂದು ಹೊರಟು ಮಿಕ್ಕದ್ದನ್ನೆಲ್ಲ ನುಂಗಿಹಾಕುತ್ತಿತ್ತು. ಒಂದು ದಿನ ಹಿರಿಯರೊಬ್ಬರು ಖಾಲಿ ಬಾಟಲಿ ಹಿಡಿದು ಬಂದು, "ಜೇನುತುಪ್ಪ ಹೇಗೆ ಕೊಡ್ತೀರಿ?" ಎಂದರು.

ಹೆಂಡತಿ ಮೈಕನ್ನು ನನ್ನ ತೊಡೆಯ ಮೇಲಿಟ್ಟಳು. "ಈ ಗುಂಯ್ ಹೋಗೋವರೆಗೂ ನಾನು ಕೂಗಲ್ಲ. ನೀವೇ ಕೂಗ್ಕೊಳ್ಳಿ."

ನಾನು ಕೂಗಿದರೆ ಕೊಳ್ಳುವವರಿರಲಿ, ಕೊಂಡವರೂ ವಾಪಸ್ ತಂದಾರು. ಹೊಟ್ಟೆಪಾಡಿನ ಪ್ರಶ್ನೆ. ನನ್ನೊಳಗೆ ಮಲಗಿದ್ದ ವಿಜ್ಞಾನಿ ಮೈಮುರಿದು ಎದ್ದ.

ರೋಗದ ಮೂಲ ಸಿಕ್ಕಿತು. ಆಂಪ್ಲಿಫೈಯರು, ಹಾಡಿನ ಪೆಟ್ಟಿಗೆ ಎರಡೂ ವ್ಯಾನಿನ ಬ್ಯಾಟರಿಯಿಂದಲೇ ಕರೆಂಟು ಕುಡಿಯುತ್ತಿದ್ದವು. ಮೈನಸ್ ತಂತಿಯೂ ಒಂದೇ. ಇಂಜಿನ್ನಿನ ಗದ್ದಲ ಆ ದಾರಿ ಹಿಡಿದು ಸ್ಪೀಕರಿಗೆ ನುಗ್ಗುತ್ತಿತ್ತು. ಇದ್ದೊಂದು ಬ್ಯಾಟರಿಯಿಂದಲೇ ಒಂದಕ್ಕೊಂದು ನಂಟಿಲ್ಲದ ಎರಡು ಕರೆಂಟು ಹುಟ್ಟಿಸಬೇಕು. ಅಡುಗೆಮನೆಯ ಮೇಜನ್ನು ವಶಪಡಿಸಿಕೊಂಡು ತಂತಿ ಸುತ್ತತೊಡಗಿದೆ.

"ಏನ್ರೀ ಇದು?"

"ಎರಡು ಸುರುಳಿ ಕಣೇ. ಒಂದನ್ನೊಂದು ಮುಟ್ಟಲ್ಲ. ಆದರೂ ಇದರ ಶಕ್ತಿ ಅದಕ್ಕೆ ಹೋಗುತ್ತೆ. ಎಲ್ಲ ಅಯಸ್ಕಾಂತದ ಮಹಿಮೆ."

"ಮುಟ್ಟದೇ ಕೆಲಸ ಮುಗಿಸೋದು ನಿಮಗೆ ಹೊಸದೇನಲ್ಲ ಬಿಡಿ. ನೀವು ಪಾತ್ರೆ ತೊಳೆಯೋದು ನೋಡಿದ್ದೀನಲ್ಲ."

ಮಹಾಪುರುಷರು ಇಂಥ ಮಾತಿಗೆ ಕಿವಿಗೊಡುವುದಿಲ್ಲ. ಸುರುಳಿಗಳ ಪೆಟ್ಟಿಗೆ ಸಿದ್ಧವಾಯಿತು. ವ್ಯಾನಿಗೆ ಜೋಡಿಸಿ ಇಂಜಿನ್ ಹಚ್ಚಿದೆ. ಗುಂಯ್.

ಹೆಂಡತಿ ಬಗ್ಗಿ ನೋಡಿದಳು. "ನಂಟೇ ಇರಬಾರದು ಅಂದ್ರಿ. ಎರಡರ ತಂತೀನೂ ಒಂದೇ ಬೋಲ್ಟಿಗೆ ಕಟ್ಟಿ ಮದುವೆ ಮಾಡಿದ್ದೀರಲ್ಲ?"

ಅಂದವಾಗಿ ಕಾಣಲಿ ಎಂದು ಎರಡೂ ಮೈನಸ್ಸನ್ನು ವ್ಯಾನಿನ ಮೈಗೇ ಬಿಗಿದುಬಿಟ್ಟಿದ್ದೆ. "ಅದು ಪರೀಕ್ಷೆಗೆ" ಎಂದು ಗೊಣಗಿ ಒಂದನ್ನು ಬಿಚ್ಚಿದೆ. ಬಿಚ್ಚಿದ್ದೇ ತಡ, ಗುಂಯ್ ಮಾಯ. ಅವಳ ದನಿ ತೊಳೆದಿಟ್ಟ ಲೋಟದ ಹಾಗೆ ಹೊಳೆಯಿತು. "ಪರವಾಗಿಲ್ಲ ಕಣ್ರೀ" ಎಂದಳು. ನಮ್ಮ ದಾಂಪತ್ಯದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಮಾರನೆಯ ದಿನ ಮೊದಲ ಬೀದಿಗೆ ಹೋದೆವು. "ಒಡೆಯದ ಬಕೆಟ್" ಎಂದು ಹೇಳಿ ಅವಳು ಮೈಕನ್ನು ಆರಿಸದೆ ನಮ್ಮಿಬ್ಬರ ನಡುವೆ ಇಟ್ಟು ನೀರು ಕುಡಿಯತೊಡಗಿದಳು. ನಾನು ರೂಢಿಯಂತೆ ಸ್ಟೀರಿಂಗಿಗೆ ಹೇಳಿಕೊಂಡೆ, "ಒಡೆಯಲ್ವಂತೆ. ನಮ್ಮನೇಲೇ ಮೂರು ಒಡೆದಿದೆ. ಈ ಸರಕು ತಂದ ಭಾವಮೈದನ ತಲೆಯೊಂದೇ ಗಟ್ಟಿ."

ಇಷ್ಟು ವರ್ಷ ಗುಂಯ್ ಎಂಬ ಪುಣ್ಯಾತ್ಮ ನನ್ನ ಗೊಣಗಾಟಕ್ಕೆ ಕಂಬಳಿ ಹೊದಿಸಿದ್ದ. ಈಗ ಮಾತು ಅಕ್ಷರ ಅಕ್ಷರವಾಗಿ ಬೀದಿಯ ತುದಿ ಮುಟ್ಟಿತು. ಕಿಟಕಿಗಳು ತೆರೆದವು. ಮಹಡಿಯಿಂದ ಒಬ್ಬಾಕೆ, "ಅಣ್ಣ, ಇನ್ನೊಂದು ಸಲ ಹೇಳಿ" ಎಂದರು.

ಹೆಂಡತಿ ನಿಧಾನವಾಗಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ, ಮೈಕು ಎತ್ತಿಕೊಂಡಳು.

"ಮೂರು ಒಡೆದಿದ್ದು ನಿಜ. ಹೇಗೆ ಅಂತಲೂ ಕೇಳಿ. ಬಲ್ಬು ಹಾಕೋಕೆ, ಅಟ್ಟ ಹುಡುಕೋಕೆ, ಇವರು ಏಣಿ ತರೋಕೆ ಸೋಮಾರಿತನ ಮಾಡಿ ಬಕೆಟ್ ಬೋರಲು ಹಾಕಿ ಹತ್ತಿ ಕುಣಿದಿದ್ದಾರೆ. ಒಂದೊಂದೂ ಒಂದು ವರ್ಷ ತಡ್ಕೊಂಡಿತ್ತು. ರೀ, ಇಳೀರಿ."

"ಯಾಕೆ?"

"ಜನ ನೋಡಲಿ."

ನೀಲಿ ಬಕೆಟ್ಟೊಂದನ್ನು ಅವಳೇ ರಸ್ತೆ ಮಧ್ಯೆ ಬೋರಲು ಹಾಕಿದಳು. ನಾನು ಹತ್ತಿದೆ. ಬಕೆಟ್ಟು ಮುಲುಗಿತು, ಒಡೆಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಮಧ್ಯಾಹ್ನಕ್ಕೆ ಮುಂಚೆ ವ್ಯಾನು ಖಾಲಿ.

ಅಂದಿನಿಂದ ಪ್ರತಿ ಬೀದಿಯಲ್ಲೂ ನಾನು ಬಕೆಟ್ಟಿನ ಮೇಲೆ ನಿಲ್ಲುತ್ತೇನೆ. ನಾನೇ ಕೈಯಾರೆ ಶುದ್ಧಗೊಳಿಸಿದ ಸ್ಪೀಕರಿನಲ್ಲಿ ಅವಳ ದನಿ ಸ್ವಚ್ಛವಾಗಿ ಮೊಳಗುತ್ತದೆ: "ನೋಡಿ ಅಕ್ಕಂದಿರೇ, ಇಂಥ ಗಂಡನ್ನೇ ತಡ್ಕೊಂಡಿರೋ ಬಕೆಟ್ಟು."