ಎರಡನೇ ಗಿಯರಿಗೆ ಇಳಿಯುವ ವಿದ್ಯೆ

ಉಬಾಲ್ದೋನ ಹೊಟ್ಟೆಗೆ ಕಿಚ್ಚು ಹಚ್ಚಿದ್ದು ಸದ್ದಲ್ಲ, ಸದ್ದಿಲ್ಲದಿರುವುದು. ನೆರೆಮನೆಯ ಗ್ವಾಲ್ತಿಯೆರೋ ಇಗರ್ಜಿಯ ಇಳಿಜಾರಿನಲ್ಲಿ ಕಾರನ್ನು ಮೂರನೇ ಗಿಯರಿನಿಂದ ಎರಡಕ್ಕೆ ಇಳಿಸಿದರೆ ಬೆಣ್ಣೆಯಿಂದ ಕೂದಲು ತೆಗೆದಂತೆ. ಉಬಾಲ್ದೋನದೂ ಅಂಥದ್ದೇ ಪುಟ್ಟ ಹಳೇ ಕಾರು. ಅವನು ಇಳಿಸಿದರೆ ಮಾತ್ರ ತಗಡಿನ ಡಬ್ಬಿಗೆ ಕಲ್ಲು ತುಂಬಿ ಕುಲುಕಿದ ಹಾಗೆ 'ಕರ್ರ್ರ್!'

ಅಂದು ಬೆಳಿಗ್ಗೆ ಹೆಂಡತಿ ನೀವೆಸ್ ಬಟ್ಟೆ ಒಣಹಾಕುತ್ತಾ ಬೀದಿಯತ್ತ ಬಗ್ಗಿದಳು.

"ಗ್ವಾಲ್ತಿಯೆರೋ ಹೋದ ನೋಡಿ. ಎಂಥಾ ಕೈ ಅವನದು!"

"ಕೈಯಲ್ಲ ಕಣೇ, ಅದೆಲ್ಲ ಕಾಲಿನ ಕೆಲಸ."

"ಕೈಯೋ ಕಾಲೋ, ನಿಮಗೆ ಎರಡೂ ಬರಲ್ಲ."

ಇವತ್ತು ಹೊತ್ತು ಮುಳುಗುವುದರೊಳಗೆ ಇವಳ ಬಾಯಲ್ಲೇ ಶಹಬ್ಬಾಸ್ ಅನ್ನಿಸದಿದ್ದರೆ ತಾನು ಗಂಡಸೇ ಅಲ್ಲ ಎಂದುಕೊಂಡ ಉಬಾಲ್ದೋ, ಬಸ್ ಓಡಿಸಿ ನಿವೃತ್ತನಾಗಿದ್ದ ನೆಲ್ಲೋನನ್ನು ಕಾಫಿ ಅಂಗಡಿಯಿಂದ ಎಬ್ಬಿಸಿ ತಂದು ಕಾರಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡ. ಅಂಗಡಿಯ ಎರ್ಸೀಲಿಯಾ ಕರೆಯದಿದ್ದರೂ ಹಿಂದಿನ ಸೀಟಿಗೆ ನುಗ್ಗಿದಳು.

"ಕ್ಲಚ್ ಒತ್ತು. ಗಿಯರ್ ನ್ಯೂಟ್ರಲ್‌ಗೆ ತಾ. ಕ್ಲಚ್ ಬಿಡು. ಆಕ್ಸಿಲರೇಟರ್‌ಗೆ ಒಂದೇ ಒಂದು ಸಣ್ಣ ಏಟು. ಮತ್ತೆ ಕ್ಲಚ್, ಆಮೇಲೆ ಎರಡು," ಎಂದ ನೆಲ್ಲೋ.

"ನನಗಿರೋದು ಎರಡೇ ಕಾಲು ಮಾರಾಯ!"

"ಗ್ವಾಲ್ತಿಯೆರೋಗೇನು ನಾಲ್ಕಿದಾವಾ?" ಹಿಂದಿನಿಂದ ಎರ್ಸೀಲಿಯಾ ಚುಚ್ಚಿದಳು.

ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಸಣ್ಣ ಏಟು ದೊಡ್ಡ ಒದೆಯಾಯಿತು. ಕಾರು ಹಗ್ಗ ಕಿತ್ತ ಹೋರಿಯಂತೆ ನೆಗೆದು, ರಸ್ತೆ ಬದಿಯಲ್ಲಿ ಮಾರಲಿಟ್ಟಿದ್ದ ಪೀಚ್ ಹಣ್ಣಿನ ಬುಟ್ಟಿಗಳಿಗೆ ನುಗ್ಗಿತು. ಎದುರಿಗೆ ಬರುತ್ತಿದ್ದ ಪಾದ್ರಿಗಳು ಸೈಕಲ್ಲು ಬಿಸಾಡಿ ಗೋಡೆಗೆ ಅಂಟಿಕೊಂಡು ಶಿಲುಬೆ ಗುರುತು ಹಾಕಿಕೊಂಡರು.

"ಹೆದರಬೇಡಿ ಫಾದರ್, ಇವನು ಎರಡನೇ ಗಿಯರ್ ಹುಡುಕ್ತಿದಾನೆ!" ನೆಲ್ಲೋ ಕೂಗಿದ.

"ನನ್ನ ಕಾಲಡೀಲಿ ಇಲ್ಲಪ್ಪಾ!" ಎಂದರು ಪಾದ್ರಿಗಳು.

ಇಗರ್ಜಿಯ ಇಳಿಜಾರನ್ನು ಹನ್ನೆರಡು ಸಲ ಹತ್ತಿ ಇಳಿದದ್ದಾಯಿತು. ಎರ್ಸೀಲಿಯಾ ವಾಂತಿ ಬರುತ್ತದೆಂದು ಇಳಿದುಹೋದಳು. ಹದಿಮೂರನೇ ಸಲ ಕ್ಲಚ್, ಸಣ್ಣ ಏಟು, ಕ್ಲಚ್, ಎರಡು... ನಿಶ್ಶಬ್ದ! ನೆಲ್ಲೋ ಟೋಪಿ ತೆಗೆದು ಎದೆಗಿಟ್ಟುಕೊಂಡ. "ಹೋಗು ಮಗನೇ, ನಿನ್ನ ಹೆಂಡತಿಗೆ ಕೇಳಿಸು."

ಮಟಮಟ ಮಧ್ಯಾಹ್ನ. ಬಿಸಿಲಿಗೆ ಊರಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಉಬಾಲ್ದೋ ಒಬ್ಬನೇ ಉಸಿರು ಬಿಗಿಹಿಡಿದು ಇಳಿಜಾರು ಇಳಿದ. ಗಿಯರು ಒಂದು ಪಿಸುಮಾತೂ ಆಡದೆ ಎರಡಕ್ಕೆ ಕೂತಿತು. ಕಾರು ಮನೆಮುಂದೆ ನಿಂತಿತು. ಅವನು ಮೀಸೆ ತಿರುವಿ ಶಹಬ್ಬಾಸ್‌ಗಿರಿಗೆ ಕಾದ.

ಮುಚ್ಚಿದ ಕಿಟಕಿಯ ಹಿಂದಿನಿಂದ ನೀವೆಸ್‌ಳ ದನಿ ಜೇನಿನಂತೆ ಇಳಿದುಬಂತು:

"ಬಂದ್ಯಾ ಗ್ವಾಲ್ತಿಯೆರೋ? ಬೇಗ ಮೇಲೆ ಬಾರೋ ಚಿನ್ನ. ನಮ್ಮನೆಯವರು ಬಂದರೆ ಅಂತ ಹೆದರ್ಕೋಬೇಡ, ಅವರು ಇನ್ನೂ ಇಗರ್ಜಿ ಹತ್ರ ಇರುವಾಗಲೇ ನಮಗೆ ಗೊತ್ತಾಗತ್ತಲ್ಲ!"