ಸ್ಟಾರ್ ಎಪ್ಪತ್ತೆರಡು

ಬೆಳಿಗ್ಗೆ ಎಂಟೂವರೆಗೆ ವಾಚ್ ಮೇಷ್ಟ್ರ ಮೊಬೈಲ್ ಪೆಟ್ರೋಲ್ ಬಟ್ಟಲಿಗೆ ಬಿತ್ತು. ಗಡಿಯಾರದ ಚಕ್ರ ತೊಳೆಯಲು ಬಗ್ಗಿದ್ದರು, ಜೇಬಿನಲ್ಲಿದ್ದದ್ದು ಜಾರಿತು. ಚಕ್ರಗಳು ಥಳಥಳ ಹೊಳೆಯುತ್ತ ಮೇಲೆ ಬಂದವು, ಮೊಬೈಲ್ ಮಾತ್ರ ಕಣ್ಣು ಬಿಡಲಿಲ್ಲ.

ಬೇರೆ ದಿನವಾಗಿದ್ದರೆ ಪೀಡೆ ತೊಲಗಿತು ಎನ್ನುತ್ತಿದ್ದರು. ಆದರೆ ಇಂದು ಗೋಪುರದ ಗಡಿಯಾರದ ಕೆಲಸಕ್ಕಾಗಿ ನಗರಸಭೆಯ ಇಂಜಿನಿಯರು ಫೋನ್ ಮಾಡುವ ದಿನ. ಆ ಗಡಿಯಾರ ಆರು ವರ್ಷದಿಂದ ಐದೂ ಹತ್ತಕ್ಕೆ ನಿಂತಿತ್ತು, ಅದೂ ಮೇಷ್ಟ್ರ ಕಿಟಕಿಗೆ ನೇರವಾಗಿ. ಬೆಳಿಗ್ಗೆ ಎದ್ದು ಕಿಟಕಿ ತೆರೆದರೆ ಯಾರೋ ತಮ್ಮ ಕಸುಬನ್ನೇ ಹೀಯಾಳಿಸಿದಂತಾಗುತ್ತಿತ್ತು. ಅದನ್ನು ನಡೆಸಿಯೇ ತಾನು ಸಾಯುವುದು ಎಂದು ಹೆಂಡತಿಯ ಬಳಿ ಎಷ್ಟೋ ಸಲ ಹೇಳಿದ್ದರು. ಇಂಜಿನಿಯರನ್ನು ಮೇಷ್ಟ್ರು ಮುಖತಃ ಕಂಡಿರಲಿಲ್ಲ, ಖಡಕ್ ಮನುಷ್ಯ ಎಂದಷ್ಟೇ ಕೇಳಿದ್ದರು. ಬೇರೆಯವರ ಬಳಿ ವಿಷಯ ಹೇಳಿಡುವುದಿಲ್ಲ, ಎರಡನೆಯ ಸಲ ಕರೆ ಮಾಡುವ ಅಭ್ಯಾಸವೂ ಇಲ್ಲ.

ಮನೆಯ ಫೋನೇನೋ ಇತ್ತು, ಅದರ ನಂಬರೂ ಇಂಜಿನಿಯರ ಬಳಿಯಿತ್ತು, ಆದರೆ ಅದರ ಬಳಿ ಕೂರುವ ಹಾಗಿರಲಿಲ್ಲ. ಹತ್ತು ಗಂಟೆಗೆ ಮಾವನವರ ಕಣ್ಣಿನ ಪಟ್ಟಿ ಬಿಚ್ಚಿಸಲು ಆಸ್ಪತ್ರೆಗೆ ಹೋಗಬೇಕು. ಹೆಂಡತಿ ಕೆಲಸಕ್ಕೆ ಹೊರಡುವಾಗ ಅಪ್ಪನ ಕೈಯನ್ನು ಗಂಡನ ಕೈಯಲ್ಲಿಟ್ಟು ಜೋಪಾನ ಎಂದಿದ್ದಳು.

ಆಗ ಫೋನಿನ ಪಕ್ಕದ ಕಪ್ಪು ಡಬ್ಬಿ ಕಣ್ಣಿಗೆ ಬಿತ್ತು. ಹಳೆಯ ಫೋನನ್ನು ಇಂಟರ್‌ನೆಟ್‌ಗೆ ಸೇರಿಸುವ ಅಡಾಪ್ಟರ್ ಅದು, ಹೋದ ವಾರ ಹಾಕಿಸಿದ್ದು. ಒಳಗೆ ಒಂದು ಚಕ್ರವಿಲ್ಲ, ಒಂದು ಸ್ಪ್ರಿಂಗ್ ಇಲ್ಲ, ಆದರೂ ಊರ ಮಾತೆಲ್ಲ ಅದರೊಳಗೆ ದಾರಿ ತಪ್ಪದೆ ಓಡಾಡುತ್ತಿತ್ತು. ಮೇಷ್ಟ್ರಿಗೆ ಅದರ ಮೇಲೆ ಭಕ್ತಿಯೇ ಹುಟ್ಟಿತ್ತು. ಸ್ಟಾರ್ ಎಪ್ಪತ್ತೆರಡು ಒತ್ತಿ ಬೇರೆ ನಂಬರು ಒತ್ತಿದರೆ ಬರುವ ಕರೆಗಳೆಲ್ಲ ಅಲ್ಲಿಗೆ ಹೋಗುತ್ತವೆ, ಬಿಡಿಸಲು ಸ್ಟಾರ್ ಎಪ್ಪತ್ತಮೂರು ಎಂದು ಹಾಕಲು ಬಂದವನು ಹೇಳಿಕೊಟ್ಟಿದ್ದ. ಎಪ್ಪತ್ತೆರಡು ಕೇಳಿದ ಸಂಭ್ರಮದಲ್ಲಿ ಎಪ್ಪತ್ತಮೂರು ಮೇಷ್ಟ್ರ ಕಿವಿಗೆ ಅರ್ಧವಷ್ಟೇ ಬಿದ್ದಿತ್ತು.

ಕೆಳಮನೆಯ ಎಕ್ಸ್‌ಚೇಂಜ್ ಅಕ್ಕನವರ ನಂಬರಿಗೆ ಹಾಗೆ ತಿರುಗಿಸಿ, ಹೊರಡುವಾಗ ಅವರ ಬಾಗಿಲು ತಟ್ಟಿದರು. ಅಕ್ಕ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆ ಊರನ್ನೇ ಬೆಸೆದವರು. ನಿವೃತ್ತರಾದ ಮೇಲೆ ಅವರ ಬೆರಳುಗಳಿಗೆ ಬೇಸರ ಹಿಡಿದಿತ್ತು. ವಿಷಯ ಕೇಳಿ ಅವರ ಮುಖ ಅರಳಿತು.

"ನಮ್ಮನೇಲೂ ಅದೇ ಡಬ್ಬಿ ಇದೆ ಮೇಷ್ಟ್ರೇ. ಕರೆ ಬಂದ್ರೆ ಫ್ಲ್ಯಾಶ್ ಗುಂಡಿ ಒತ್ತಿ ಅವರನ್ನ ತಡೆದಿಟ್ಟು ನೀವಿರೋ ಕಡೆ ಫೋನ್ ಮಾಡ್ತೀನಿ, ನೀವು ಸಿಕ್ಕಿದ ಮೇಲೆ ರಿಸೀವರ್ ಇಟ್ಟುಬಿಟ್ರೆ ಅವರೂ ನೀವೂ ನೇರ. ಎಲ್ಲಿಗಾದ್ರೂ ಹೋಗಿ, ಹುಡುಕೋದು ನನ್ನ ಕೆಲಸ."

ಹೇಳಿದಂತೆಯೇ ಆಯಿತು. ಮೇಷ್ಟ್ರು ಆಸ್ಪತ್ರೆಯ ಬೆಂಚಿನಲ್ಲಿ ಕೂರುವಷ್ಟರಲ್ಲಿ ನರ್ಸಿನ ಮೇಜಿನ ಫೋನ್ ಬಡಿದುಕೊಂಡಿತು. ಓಡಿಹೋಗಿ ಎತ್ತಿದರೆ ಯಾರದೋ ಅಲಾರಂ ಗಡಿಯಾರ ಕೂಗುತ್ತಿಲ್ಲವಂತೆ. ನಾಳೆ ಖಂಡಿತ ಎಂದರು. ಆಮೇಲೆ ಬೇಕರಿಯವನು, ಆಮೇಲೆ ಗಡಿಯಾರದ ಲೋಲಕ ಕಳಚಿದ ಅಜ್ಜಿ. ಇಂಜಿನಿಯರದ್ದನ್ನು ಮಾತ್ರ ಕಳಿಸಿ ಎಂದು ಮೇಷ್ಟ್ರು ಅಂಗಲಾಚಿದರೆ ಅಕ್ಕ ಒಪ್ಪಲಿಲ್ಲ.

"ಕರೆ ಅಂದ್ರೆ ಕರೆ. ದೊಡ್ಡೋರ್ದು, ಚಿಕ್ಕೋರ್ದು ಅಂತ ನೋಡೋದಾದ್ರೆ ಅದು ಎಕ್ಸ್‌ಚೇಂಜೇ ಅಲ್ಲ."

ಐದನೆಯ ಕರೆಗೆ ನರ್ಸಮ್ಮ ಇದು ಕಣ್ಣಾಸ್ಪತ್ರೆಯೋ ನಿಮ್ಮ ಅಂಗಡಿಯೋ ಎಂದು ಕೇಳಿ, ಕಣ್ಣಿನ ಹನಿ ತನ್ನಿ ಎಂಬ ನೆವದಲ್ಲಿ ಅವರನ್ನು ಹೊರಗೆ ದಬ್ಬಿದರು. ಔಷಧಿ ಅಂಗಡಿಗೂ ಫೋನ್ ಬಂತು. ಪಕ್ಕದ ಕ್ಷೌರದಂಗಡಿಯ ಗಡಿಯಾರ ಮೂರು ನಿಮಿಷ ಹಿಂದಿದ್ದುದನ್ನು ಸಹಿಸಲಾರದೆ ಸ್ಟೂಲ್ ಹತ್ತಿ ಮುಳ್ಳು ಸರಿಪಡಿಸುತ್ತಿದ್ದರೆ ಅಲ್ಲಿಗೂ ಬಂತು. ಈಗ ತಾನೆ ಪಕ್ಕಕ್ಕೆ ಹೋದರು ಎಂದು ಔಷಧಿ ಅಂಗಡಿಯವನು ಹೇಳಿದ್ದನಂತೆ. ಮೇಷ್ಟ್ರಿಗೆ ಸಿಟ್ಟು ಬರುವ ಬದಲು ಮೈ ಜುಮ್ಮೆಂದಿತು. ತಮ್ಮ ಕಸುಬಿನಲ್ಲಿ ತಾವೂ ಹೀಗಿದ್ದಿದ್ದರೆ ಎಂದು ಮನಸಾರೆ ಅನ್ನಿಸಿತು.

ಮಾವನವರ ಸರದಿ ಬಂದು ಪಟ್ಟಿ ಬಿಚ್ಚಿದ್ದು ಎರಡು ಗಂಟೆಗೆ. ಹನಿ ಬಿಟ್ಟು, ಕಣ್ಣು ಮುಚ್ಚಿ ಒಳಗಿನ ಕೋಣೆಯಲ್ಲಿ ಒಂದು ಗಂಟೆ ಮಲಗಿರಲಿ ಎಂದರು ಡಾಕ್ಟರು. ಅಷ್ಟರಲ್ಲಿ ಮತ್ತೆ ಫೋನ್. ಈ ಸಲ ಇಂಜಿನಿಯರು. ಆದರೆ ಅವರ ದನಿ ಫೋನಿನಿಂದ ಬಂದಷ್ಟೇ ಬೆನ್ನ ಹಿಂದಿನಿಂದಲೂ ಬರುತ್ತಿತ್ತು.

"ನಿಮ್ಮನ್ನ ಹುಡುಕಿ ಕೊಟ್ಟ ಆ ತಾಯಿಗೆ ಕೈ ಮುಗೀಬೇಕು. ಆದ್ರೆ ನನಗೆ ಒಂದು ಕಡೆ ಕೂತು ಕೆಲಸ ಮಾಡೋರು ಬೇಕು. ಇಲ್ಲೊಬ್ಬ ಬೆಳಗಿಂದ ಓಡಾಡಿಕೊಂಡು ಎಲ್ಲರಿಗೂ ನಾಳೆ ಖಂಡಿತ ಅಂತಿದ್ದಾನೆ ನೋಡಿ, ಅಂಥೋರು ಬೇಡ."

ಮೇಷ್ಟ್ರು ತಿರುಗಿದರು. ನಾಲ್ಕು ಮಾರು ದೂರದ ಬೆಂಚಿನಲ್ಲಿ, ಕಣ್ಣು ತೋರಿಸಲು ಸರದಿ ಕಾಯುತ್ತ, ಮೊಬೈಲ್ ಕಿವಿಗಿಟ್ಟುಕೊಂಡು, ಇಂಜಿನಿಯರೂ ತಿರುಗಿದರು. ಪುಣ್ಯಕ್ಕೆ ಅವರಿಗೆ ನಗು ಬಂತು.

"ಮೂರು ಗಂಟೆಗೆ ನಿಮ್ಮ ಮನೆಗೆ ಮಾಡ್ತೀನಿ. ನೀವೇ ಎತ್ತಿದ್ರೆ ಗೋಪುರದ ಬೀಗದಕೈ ನಿಮ್ಮದು."

ಮೇಷ್ಟ್ರು ಬಿದ್ದೆನೋ ಎದ್ದೆನೋ ಎಂದು ಓಡಿದರು. ಕೆಳಮನೆಯ ಬಾಗಿಲಲ್ಲೂ ನಿಲ್ಲದೆ ಮೆಟ್ಟಿಲು ಹತ್ತಿ, ರಿಸೀವರ್ ಮೇಲೆ ಕೈಯಿಟ್ಟು ಕೂತರು. ಗೋಡೆಯ ಏಳು ಗಡಿಯಾರಗಳು ಒಂದೇ ಉಸಿರಿನಲ್ಲಿ ಮೂರು ಹೊಡೆದವು. ಫೋನ್ ತುಟಿ ಬಿಚ್ಚಲಿಲ್ಲ. ಮೂರೂಕಾಲಾಯಿತು. ಡಬ್ಬಿಯ ಹಸಿರು ದೀಪ ಮಿಣಮಿಣ ಅನ್ನುತ್ತಿತ್ತು.

ಹೆಂಡತಿ ಬಂದಳು. ಮನೆಯೊಳಗೆಲ್ಲ ಕಣ್ಣಾಡಿಸಿದಳು.

"ಎಲ್ರೀ ಅಪ್ಪ?"

ಮೇಷ್ಟ್ರು ಧಡಕ್ಕನೆ ಎದ್ದು ಚಪ್ಪಲಿ ಹುಡುಕಿದರು. ಅಷ್ಟರಲ್ಲಿ ಎಕ್ಸ್‌ಚೇಂಜ್ ಅಕ್ಕ ಬೆಳಗುವ ಮುಖ ಹೊತ್ತು ಮೇಲೆ ಬಂದರು.

"ಅಯ್ಯೋ, ಇಲ್ಲೇ ಇದ್ದೀರಾ? ಮೂರಕ್ಕೆ ಸರಿಯಾಗಿ ನಿಮ್ಮ ಇಂಜಿನಿಯರ ಕರೆ ನನಗೆ ಬಂತು. ಅರ್ಧ ನಿಮಿಷದಲ್ಲಿ ಆಸ್ಪತ್ರೆಗೆ ಕೊಟ್ಟೆ. ನೀವಿಲ್ಲ, ಮಾವನವರಿದ್ದಾರೆ ಅಂದ್ರು, ಅವರಿಗೇ ಸೇರಿಸಿ ರಿಸೀವರ್ ಇಟ್ಟೆ. ಇನ್ನೊಬ್ಬರ ಮಾತು ಕೇಳಿಸಿಕೊಂಡ ಅಭ್ಯಾಸ ನನಗಿಲ್ಲ."

ಎಪ್ಪತ್ತಮೂರು ನೆನಪಾಯಿತು. ಮೇಷ್ಟ್ರು ಅದನ್ನು ಒತ್ತಿ ರಿಸೀವರ್ ಕೆಳಗಿಟ್ಟದ್ದೇ ತಡ, ಫೋನ್ ಬಡಿದುಕೊಂಡಿತು. ಮಾವನವರು.

"ಅಳಿಯಂದಿರೇ, ಯಾರೋ ಇಂಜಿನಿಯರಂತೆ, ನೀವೆಲ್ಲಿ ಅಂತ ಕೇಳಿದ್ರು. ಅವರು ಒಂದು ಕಡೆ ನಿಲ್ಲೋ ಮನುಷ್ಯ ಅಲ್ಲ, ನನ್ನನ್ನೂ ಇಲ್ಲೇ ಮರೆತು ಹೋಗಿದ್ದಾರೆ ಅಂದೆ. ಅಷ್ಟಕ್ಕೇ ಅವರು ಫೋನ್ ಇಟ್ಟುಬಿಟ್ರು."

ಮೇಷ್ಟ್ರು ಕಿಟಕಿಯಾಚೆ ಗೋಪುರದ ಕಡೆ ನೋಡಿದರು. ಮಾವನವರ ದನಿಯಲ್ಲಿ ಮಾತ್ರ ಹೊಸ ಹುರುಪಿತ್ತು.

"ಕಣ್ಣು ಚೆನ್ನಾಗಿ ಕಾಣ್ತಿದೆ. ಇಲ್ಲಿಂದ ಗೋಪುರದ ಗಡಿಯಾರದ ಮುಳ್ಳೂ ಕಾಣುತ್ತೆ. ಆಗಲೇ ಐದೂ ಹತ್ತಾಯ್ತು, ಬೇಗ ಬನ್ನಿ."